ಕಿವಿಗೆ ಬಾಗಿಲಿಟ್ಟ ಮೇಲೆ

ಕಳೆದ ಚಳಿಗಾಲದಲ್ಲಿ ಅವ್ವನ ಜೊತೆ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದ್ದೆ. ಇಬ್ಬರ ಕಾರಣಗಳೂ ಬೇರೆ. ಅವ್ವನಿಗೆ ಹರಕೆ ತೀರಿಸಬೇಕಿತ್ತು. ನನಗೆ ಗುಡಿಯ ಮೆಟ್ಟಿಲ ಹತ್ತಿರವೇ ಇರುವ ಅಶೋಕನ ಶಾಸನವನ್ನು ಇನ್ನೊಮ್ಮೆ ನೋಡಬೇಕಿತ್ತು, ನನ್ನ ಪಿಎಚ್‌.ಡಿ. ಪ್ರಬಂಧದ ಒಂದು ಅಧ್ಯಾಯ ಮೊಳಕಾಲ್ಮುರು ಸೀಮೆಯ ಮೂರು ಅಶೋಕ ಶಾಸನಗಳ ಮೇಲಿದೆ. ಅರ್ಧ ದಾರಿ ಮಾತಾಡುತ್ತ ಹತ್ತಿದೆವು. ಆಮೇಲೆ ಅವ್ವ ನಿಧಾನವಾದಳು, ನಾನು ಮುಂದಾದೆ. ಮುಂದಾದವಳು ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸಿಕೊಂಡೆ. ಬ್ರಾಹ್ಮಿ ಲಿಪಿಯ ಬಗೆಗಿನ ಒಂದು ಉಪನ್ಯಾಸವನ್ನು ಫೋನಿಗೆ ಇಳಿಸಿಕೊಂಡಿದ್ದೆ. ಬೆಟ್ಟದ ಮೇಲೆ ಗಾಳಿ ಜೋರಾಗಿತ್ತು. ಹೊರಗಿನ ಸದ್ದನ್ನು ಅಳಿಸುವ ನಾಯ್ಸ್ ಕ್ಯಾನ್ಸಲೇಷನ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಯಾರೋ ಭುಜ ತಟ್ಟಿದರು. ಕೆಳಗೆ ಮೇಕೆ ಬಿಟ್ಟುಕೊಂಡಿದ್ದ ಹುಡುಗ, ಹತ್ತು ಹನ್ನೆರಡು ವರ್ಷ ಇರಬೇಕು, ಓಡಿ ಬಂದು ಏದುಸಿರು ಬಿಡುತ್ತಿದ್ದ. ಅವನ ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಒಂದು ಕಿವಿಯದನ್ನು ತೆಗೆದೆ.

"ಯಕ್ಕಾ, ನಿಮ್ಮವ್ವ ಆವಾಗಿಂದ ಕೂಗ್ತೈತೆ, ಕೇಳ್ಸಲ್ವಾ?"

ಐವತ್ತು ಮೆಟ್ಟಿಲು ಕೆಳಗೆ ಅವ್ವ ಬಂಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಹರಕೆಯೆಂದು ಏನೂ ತಿಂದಿರಲಿಲ್ಲ. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ನೀರು, ಬೆಲ್ಲ ಎರಡೂ ನನ್ನ ಚೀಲದಲ್ಲಿದ್ದವು. ತಿಂದು ಕುಡಿದು ಕಾಲು ಗಂಟೆಯಲ್ಲಿ ಚೇತರಿಸಿಕೊಂಡಳು. ಆಮೇಲೆ ನಗುತ್ತಲೇ ಹೇಳಿದಳು: "ನಾಕು ಸಲ ಕೂಗಿದೆ ಕಣೆ. ಆಮೇಲೆ, ಏನೋ ಓದಿಂದು ಕೇಳ್ತಿರಬೇಕು ಅಂತ ಸುಮ್ಮನಾದೆ."

ಏನೂ ಅನಾಹುತ ಆಗಲಿಲ್ಲ. ಆದರೂ ಅವತ್ತಿನಿಂದ ಒಂದು ಪ್ರಶ್ನೆ ಬಿಟ್ಟು ಹೋಗಿಲ್ಲ. ನಾನು ಮಾಡಿದ್ದು ತಪ್ಪೇ? ಅವ್ವನ ಕೂಗನ್ನು ಕೇಳಿಯೂ ಕೇಳದಂತೆ ಇದ್ದವಳಲ್ಲ ನಾನು. ಅದಕ್ಕೆ ಜಾಣ ಕಿವುಡು ಅನ್ನುತ್ತೇವೆ, ಅದು ತಪ್ಪೆಂದು ಎಲ್ಲರಿಗೂ ಗೊತ್ತು. ನನಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಕೇಳಿಸದ ಕೂಗಿಗೆ ಓಗೊಡಲಿಲ್ಲವೆಂದು ಯಾರನ್ನಾದರೂ ದೂರಬಹುದೇ? ಕಿವಿಯನ್ನು ತೆರೆದಿಟ್ಟುಕೊಳ್ಳುವುದೇ ಒಂದು ಕರ್ತವ್ಯವೇ?

ಮೊದಲು ನನ್ನ ಪರವಾಗಿ ವಾದಿಸಿಕೊಳ್ಳುತ್ತೇನೆ. ಮೂವರಿರುವ ಹಾಸ್ಟೆಲ್ ಕೋಣೆಯಲ್ಲಿ ಇಯರ್‌ಬಡ್ಸ್ ಇಲ್ಲದಿದ್ದರೆ ನನ್ನ ಪ್ರಬಂಧ ಒಂದು ಪುಟವೂ ಮುಂದೆ ಹೋಗುತ್ತಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ಪಕ್ಕದವನ ಬೇಡದ ಮಾತು, ಹಿಂದಿನ ಸೀಟಿನ ಸಿಳ್ಳೆ, ಇವುಗಳಿಂದ ನನ್ನನ್ನು ಕಾದಿರುವುದು ಕಿವಿಯಲ್ಲಿರುವ ಈ ಎರಡು ಬೀಜಗಳೇ. ಎಷ್ಟೋ ಸಲ ಹಾಡು ಹಾಕಿಕೊಳ್ಳದೆಯೂ ಸಿಕ್ಕಿಸಿಕೊಂಡಿರುತ್ತೇನೆ. ಕಣ್ಣಿಗೆ ರೆಪ್ಪೆಯಿದೆ, ಬಾಯಿಗೆ ತುಟಿಯಿದೆ. ಕಿವಿಗೆ ಮಾತ್ರ ಬಾಗಿಲಿಲ್ಲ. ಪ್ರಕೃತಿ ಇಡದ ಬಾಗಿಲನ್ನು ನಾವು ಇಟ್ಟುಕೊಂಡರೆ ಯಾರಿಗೇನು ನಷ್ಟ?

ಈ ಬಾಗಿಲಿನ ಚರಿತ್ರೆಯೂ ಸಭ್ಯವಾದದ್ದೇ. ಸದ್ದನ್ನು ಸದ್ದಿನಿಂದಲೇ ಅಳಿಸುವ ವಿಧಾನಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಬಂಗಾಳಿ ತಂದೆಯ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬೋಸ್ಟನ್‌ಗೆ ಹಾರುವಾಗ, ಎಂಜಿನ್ ಮೊರೆತದಲ್ಲಿ ಹೆಡ್‌ಫೋನಿನ ಸಂಗೀತ ಕೇಳಲಾಗದೆ, ವಿಮಾನದಲ್ಲೇ ಲೆಕ್ಕ ಹಾಕಲು ಕೂತರು. ಅವರ ಸಂಸ್ಥೆಯ ಮೊದಲ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂದಿದ್ದು ಪೈಲಟ್‌ಗಳಿಗಾಗಿ. ಗದ್ದಲದ ನಡುವೆ ಹಾಡಿನ ದನಿ ಏರಿಸಿಕೊಂಡು ಕಿವಿ ಕೆಡಿಸಿಕೊಳ್ಳುವುದಕ್ಕಿಂತ ಗದ್ದಲವನ್ನೇ ತಗ್ಗಿಸುವುದು ವಾಸಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ.

ಅದು ಕೆಲಸ ಮಾಡುವ ಬಗೆಯನ್ನು ತಿಳಿದಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಹೊರಗಿನ ಅಲೆಯನ್ನು ಪುಟ್ಟ ಮೈಕ್ ಹಿಡಿಯುತ್ತದೆ. ಒಳಗಿನ ಚಿಪ್ ಅದಕ್ಕೆ ಸರಿಯಾಗಿ ತಲೆಕೆಳಗಾದ ಅಲೆಯನ್ನು ಹುಟ್ಟಿಸುತ್ತದೆ. ಎರಡೂ ಕೂಡಿ ಸೊನ್ನೆಯಾಗುತ್ತವೆ. ಎಂಜಿನ್, ಫ್ಯಾನ್‌ಗಳಂಥ ಒಂದೇ ಸಮನೆಯ ತಗ್ಗು ಸದ್ದಿನ ಮೇಲೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಮುಂದಿನ ಕ್ಷಣದ ಸದ್ದೂ ಹಿಂದಿನದರಂತೆಯೇ ಇರುತ್ತದೆ. ತಟ್ಟನೆ ಏಳುವ ಮನುಷ್ಯರ ಕೂಗಿನ ಮೇಲೆ ಅಷ್ಟು ನಡೆಯದು. ಊಹಿಸಬಹುದಾದದ್ದನ್ನು ಅದು ಅಳಿಸಬಲ್ಲದು. ಕೂಗು ಊಹೆಗೆ ಸಿಗುವುದಿಲ್ಲ. ಅಂದರೆ ಅವ್ವನ ಕೂಗನ್ನು ಅಳಿಸಿದ್ದು ಆ ಚಿಪ್ ಒಂದೇ ಅಲ್ಲ. ಕಿವಿಯ ಬಾಯಿಗೆ ಬಿರಡೆಯಂತೆ ಕೂತ ಸಿಲಿಕಾನ್, ಅದರ ಒಳಗೆ ಓಡುತ್ತಿದ್ದ ಉಪನ್ಯಾಸ, ಅದರಲ್ಲಿ ಮುಳುಗಿದ್ದ ನಾನು, ಎಲ್ಲ ಸೇರಿ ಅಳಿಸಿದೆವು.

1979ರ ಜುಲೈನಲ್ಲಿ ಸೋನಿ ಸಂಸ್ಥೆ ಮೊದಲ ವಾಕ್‌ಮನ್ ತಂದಾಗ ಅದರಲ್ಲಿ ಈಗಿನವರಿಗೆ ವಿಚಿತ್ರವೆನಿಸುವ ಎರಡು ಏರ್ಪಾಡುಗಳಿದ್ದವು. ಇಬ್ಬರು ಒಟ್ಟಿಗೆ ಕೇಳಲು ಎರಡು ತೂತು. ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ; ಒತ್ತಿದರೆ ಹಾಡು ತಗ್ಗಿ, ಮೈಕಿನ ಮೂಲಕ ಪಕ್ಕದವರ ಮಾತು ಕೇಳಿಸುತ್ತಿತ್ತು. ಒಬ್ಬರೇ ಕೇಳುತ್ತ ಕೂರುವುದು ಪಕ್ಕದವರಿಗೆ ಮರ್ಯಾದೆಯಲ್ಲ ಎಂಬ ಅಳುಕು ಸೋನಿಯ ಅಕಿಯೊ ಮೊರಿಟಾ ಅವರಿಗಿತ್ತು. ಕೊಂಡವರಿಗೆ ಆ ಅಳುಕು ಇರಲಿಲ್ಲ. ಮುಂದಿನ ಮಾದರಿಗಳಲ್ಲಿ ಗುಂಡಿ ಮಾಯವಾಯಿತು.

ಈಗ ಅದು ಬೇರೆ ಹೆಸರಿನಲ್ಲಿ ಮರಳಿದೆ. 2019ರ ಏರ್‌ಪಾಡ್ಸ್ ಪ್ರೊದಲ್ಲಿ 'ಟ್ರಾನ್ಸ್‌ಪರೆನ್ಸಿ' ಎಂಬ ಆಯ್ಕೆ ಬಂತು. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಗೆ ಬಿಡುತ್ತದೆ. 2020ರ ಸೋನಿ ಹೆಡ್‌ಫೋನ್ ಒಂದು, ಹಾಕಿಕೊಂಡವರು ಮಾತಾಡಲು ಶುರು ಮಾಡಿದ ಕೂಡಲೇ ಹಾಡನ್ನು ನಿಲ್ಲಿಸಿ ಹೊರಗಿನ ಮಾತನ್ನು ಒಳಗೆ ಬಿಡುತ್ತದೆ. ಜಾಣ ವಿನ್ಯಾಸವೇ. ಆದರೆ ಗಮನಿಸಿ, ಅದು ತೆರೆಯುವುದು ನಾನು ಬಾಯಿ ತೆರೆದಾಗ. ನನ್ನನ್ನು ಯಾರೋ ಕರೆದಾಗ ಅಲ್ಲ. ಚಿಲಕ ಒಳಗಡೆ ಮಾತ್ರ ಇದೆ. ಹೊರಗೆ ನಿಂತವರು ತಟ್ಟಬೇಕೆಂದರೆ ಆ ಹುಡುಗನ ಹಾಗೆ ಮೆಟ್ಟಿಲು ಹತ್ತಿ ಬಂದು ಭುಜವನ್ನೇ ತಟ್ಟಬೇಕು.

ಅವತ್ತು ಅವ್ವ ಸುಧಾರಿಸಿಕೊಂಡ ಮೇಲೆ ಇಬ್ಬರೂ ಮೆಲ್ಲಗೆ ಹತ್ತಿದೆವು. ಅಶೋಕನ ಬಂಡೆಗೆ ಇಲ್ಲಿ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮುಂದೆ ಅಂಗಡಿ ಹೂಡುತ್ತಿದ್ದುದರಿಂದ ಬಂದ ಹೆಸರು. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಶಾಸನಗಳಲ್ಲಿ ಇದೇ ಹೆಚ್ಚು ಸವೆದದ್ದು. ಪಾಠ ಮೂರರಲ್ಲೂ ಒಂದೇ. ಓದಬೇಕೆಂದರೆ ಬ್ರಹ್ಮಗಿರಿಯ ನೆರವು ಬೇಕು. ಆ ಪಾಠ ತನ್ನನ್ನು 'ಸಾವಣೆ' ಎಂದು ಕರೆದುಕೊಳ್ಳುತ್ತದೆ. ಅಂದರೆ ಶ್ರಾವಣ, ಕೇಳಿಸಿದ್ದು. ಕಲ್ಲಿನಲ್ಲಿ ಕೊರೆದಿದ್ದರೂ ಅದು ಕಿವಿಗಾಗಿ ಹುಟ್ಟಿದ ಮಾತು. ಮುಂದೆ ತಾಯಿ ತಂದೆಯರ ಬಗ್ಗೆ ಒಂದು ಮಾತು ಬರುತ್ತದೆ: ಅವರಿಗೆ 'ಸುಸೂಸಿತವಿಯೇ'. ವಿಧೇಯರಾಗಿರಬೇಕು ಎಂದು ಅನುವಾದಿಸುತ್ತಾರೆ. ನಾನೂ ಹಾಗೆಯೇ ಬರೆದಿದ್ದೆ. ಆ ಪದ ಸಂಸ್ಕೃತದ ಶುಶ್ರೂಷೆ. ಅದರ ಮೊದಲ ಅರ್ಥ ಕೇಳುವ ಇಚ್ಛೆ. ಕನ್ನಡಕ್ಕೆ ಬರುವ ಹೊತ್ತಿಗೆ ಅದು ಉಪಚಾರವಾಯಿತು, ರೋಗಿಗೆ ಮಾಡುವ ಆರೈಕೆಯಾಯಿತು. ಕೇಳಬೇಕೆಂಬ ಆಸೆಯೇ ಆರೈಕೆಯ ಮೊದಲ ಹೆಜ್ಜೆ ಎಂದು ಈ ಪದಕ್ಕೆ ಗೊತ್ತಿದ್ದಂತಿದೆ. ಆ ಪದ ಇರುವ ಬಂಡೆಯನ್ನು ನೋಡಲು, ಆ ಪದದ ಲಿಪಿಯ ಬಗ್ಗೆ ಕೇಳುತ್ತ, ಅವ್ವನ ನಾಲ್ಕು ಕೂಗನ್ನು ಹಿಂದೆ ಬಿಟ್ಟು ನಾನು ಹತ್ತಿದ್ದೆ. ಬಂಡೆಯ ಮುಂದೆ ನಿಂತಾಗ ನಾಚಿಕೆಯಾಯಿತು.

ಹಾಗಾದರೆ ಕಿವಿ ಸದಾ ತೆರೆದಿರಬೇಕೇ? ಅದೇ ಅಶೋಕ ತನ್ನ ಆರನೆಯ ಬಂಡೆಶಾಸನದಲ್ಲಿ ಹಾಗೆ ಆಜ್ಞೆ ಮಾಡಿದ್ದಾನೆ: ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ವಿಷಯವನ್ನು ಯಾವ ಹೊತ್ತಿನಲ್ಲೂ ತನಗೆ ತಿಳಿಸಬೇಕು. ದೊರೆಗೆ ಅದು ಸರಿ. ನನಗೆ, ನಿಮಗೆ ಸಾಧ್ಯವಿಲ್ಲ. ಸದಾ ಕೇಳುತ್ತಿರುವ ಕಿವಿ ಕೊನೆಗೆ ಏನನ್ನೂ ಕೇಳಲಾರದಷ್ಟು ದಣಿಯುತ್ತದೆ.

ಉತ್ತರ ಸಿಕ್ಕಿದ್ದು ಅವ್ವನ ದೇವರ ಕಡೆಯಿಂದ. ಜಟಾಯು ಬಿದ್ದದ್ದು ಈ ಬೆಟ್ಟದಲ್ಲೇ ಎಂದು ಇಲ್ಲಿಯವರು ನಂಬುತ್ತಾರೆ. ಹಾಗೆ ನಂಬುವ ಊರುಗಳು ಲೇಪಾಕ್ಷಿಯಿಂದ ಕೇರಳದ ಚಡಯಮಂಗಲದವರೆಗೆ ಇವೆ. ಎಲ್ಲರಿಗೂ ಅವನು ಬೇಕು. ವಾಲ್ಮೀಕಿಯ ಕಥೆಯಲ್ಲಿ ಒಂದು ಸಣ್ಣ ವಿವರವಿದೆ. ಸೀತೆ ಕೂಗಿದಾಗ ಮುದಿ ಜಟಾಯು ಮರದ ಮೇಲೆ ನಿದ್ದೆಯಲ್ಲಿದ್ದ. ಆಕೆ ತನ್ನನ್ನು ಬಿಡಿಸೆಂದೂ ಕೇಳಲಿಲ್ಲ. ಇವನನ್ನು ನೀನು ತಡೆಯಲಾರೆ, ರಾಮನಿಗೆ ಸುದ್ದಿ ಮುಟ್ಟಿಸು ಎಂದಷ್ಟೇ ಹೇಳಿದಳು. ಅವನು ಎಚ್ಚರಗೊಂಡ. ಉಳಿದದ್ದು ನಮಗೆ ಗೊತ್ತು.

ಜಟಾಯು ಕಾವಲು ಕಾಯುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ನಿದ್ದೆ ಕಿವಿ ಮುಚ್ಚುವುದಿಲ್ಲ, ಕರೆದರೆ ಎಬ್ಬಿಸಬಹುದು. ನಮ್ಮ ಮೇಲಿರುವ ಋಣ ಇಷ್ಟೇ ಎಂದು ಈಗ ಅನ್ನಿಸುತ್ತದೆ. ಎಲ್ಲವನ್ನೂ ಕೇಳಬೇಕಾಗಿಲ್ಲ. ನಮ್ಮನ್ನು ಎಬ್ಬಿಸುವ ದಾರಿಯೊಂದು, ನಮ್ಮನ್ನು ನಂಬಿ ಹಿಂದೆ ಬರುತ್ತಿರುವವರ ಕೈಯಲ್ಲಿ ಉಳಿದಿರಬೇಕು. ಬಸ್ಸಿನ ಸಿಳ್ಳೆಯವನಿಗೆ ಆ ದಾರಿಯನ್ನು ಕೊಡಬೇಕಾದ ಹಂಗು ನನಗಿಲ್ಲ. ಅವ್ವನಿಗೆ ಕೊಡಬೇಕಿತ್ತು. ಯಂತ್ರ ಇವರಿಬ್ಬರನ್ನೂ ಒಂದೇ ಅಳತೆಯಲ್ಲಿ ಹೊರಗಿಡುತ್ತದೆ. ಯಾರಿಗೆ ತೆರೆಯಬೇಕು ಎಂಬ ವಿವೇಕವನ್ನು ಅದಕ್ಕೆ ಒಪ್ಪಿಸಿದ್ದು ನಾನು.

ಅಂದಿನಿಂದ ನನ್ನನ್ನು ಕಾಡುವುದು ನಾಲ್ಕು ಕೂಗುಗಳಲ್ಲ, ಕೂಗದೆ ಹೋದ ಐದನೆಯದು. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಎರಡು ಅರ್ಥ: ಆಲಿಸುವುದು, ಬೇಡುವುದು. ಒಬ್ಬರು ಕೇಳಿಸಿಕೊಳ್ಳುವುದನ್ನು ಬಿಟ್ಟರೆ ಇನ್ನೊಬ್ಬರು ಕೇಳುವುದನ್ನೂ ಬಿಡುತ್ತಾರೆ. ಅವ್ವ ನನ್ನ ಮೇಲೆ ಮುನಿಸಿಕೊಂಡು ಸುಮ್ಮನಾಗಲಿಲ್ಲ, ನನ್ನ ಓದಿನ ಮೇಲಿನ ಗೌರವದಿಂದ ಸುಮ್ಮನಾದಳು. ನನ್ನ ಕಿವಿ ಮುಚ್ಚಿದ್ದು ಅವಳ ಬಾಯನ್ನೂ ಮುಚ್ಚಿಸಿತು. ಮನೆಯಲ್ಲಿ ಎಷ್ಟು ದಿನಗಳಿಂದ ಹೀಗೆ ಸುಮ್ಮನಾಗುತ್ತಿದ್ದಾಳೋ! ಮೊಣಕಾಲು ನೋವು, ಅಪ್ಪನ ಸಿಡುಕು, ಅಡುಗೆಮನೆಯ ಸೋರುವ ನಲ್ಲಿ, ಇವನ್ನೆಲ್ಲ ನಾನು ಫ್ಯಾನಿನ ಸದ್ದಿನಂತೆ ಊಹಿಸಿ ಅಳಿಸಲು ಯಾವ ಯಂತ್ರವೂ ಬೇಕಾಗಿರಲಿಲ್ಲ.

ಇಳಿಯುವಾಗ ಇಯರ್‌ಬಡ್ಸ್ ಡಬ್ಬಿಯಲ್ಲಿದ್ದವು. ಅವ್ವ ಮುಂದೆ, ನಾನು ಹಿಂದೆ. ಅವಳು ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದಳು. ಗಾಳಿಗೆ ಅರ್ಧ ಮಾತು ಹಾರಿ ಹೋಗುತ್ತಿತ್ತು. "ಏನಂದೆ ಅವ್ವ?" ಎಂದು ಎರಡು ಮೂರು ಸಲ ಕೇಳಿದೆ. ಮತ್ತೆ ಹೇಳಿದಳು. ಇನ್ನೊಮ್ಮೆ ನನ್ನ ಬೆನ್ನು ಕಂಡಾಗ ಐದನೆಯ ಸಲ ಕೂಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವಳು ಅವಳು.