ಅಂಕೆಗಳ ಸಾಕ್ಷ್ಯ

ನ್ಯಾಯಸ್ಥಾನದಲ್ಲಿ ನಿಂತ ಸಾಕ್ಷಿಯು ತಾನು ಕಂಡುದನ್ನೆಲ್ಲ ತಾನಾಗಿ ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವನು. ಸಾಕ್ಷಿಯು ಸತ್ಯವಂತನಾಗಿದ್ದರೂ ಪ್ರಶ್ನೆಯು ವಕ್ರವಾಗಿದ್ದರೆ ತೀರ್ಪು ವಕ್ರವಾಗುವುದುಂಟು. ಅಂಕೆಗಳೂ ಇಂಥ ಸಾಕ್ಷಿಗಳೇ. ಅವು ಸುಳ್ಳಾಡವೆಂಬ ನಂಬಿಕೆ ಲೋಕದಲ್ಲಿ ಬಲವಾಗಿದೆ. ಅವುಗಳಿಂದ ಏನನ್ನು ಬೇಕಾದರೂ ಸಾಧಿಸಬಹುದೆಂಬ ಅಪನಂಬಿಕೆಯೂ ಅಷ್ಟೇ ಬಲವಾಗಿದೆ. ಇವೆರಡೂ ಆಲಸ್ಯದ ಮಕ್ಕಳು. ಒಂದು ವಿಚಾರಿಸದೆ ಒಪ್ಪುವುದು, ಇನ್ನೊಂದು ವಿಚಾರಿಸದೆ ತಳ್ಳುವುದು. ಇವುಗಳ ನಡುವೆ ಸತ್ಯವನ್ನು ಬಯಸುವವನ ಕರ್ತವ್ಯವೇನೆಂಬುದು ಗಣಿತದ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಅಹುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಂದೂಕಿನ ಕಾನೂನನ್ನು ಕುರಿತು ಬಹುಕಾಲದಿಂದ ನಡೆದಿರುವ ವಾದವು ಇದನ್ನು ಪರೀಕ್ಷಿಸಲು ತಕ್ಕ ಸ್ಥಳವಾಗಿದೆ.

ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಪ್ರಜೆಗಳು ಶಸ್ತ್ರವನ್ನು ಇಟ್ಟುಕೊಳ್ಳುವ ಹಕ್ಕನ್ನು ಹೇಳುತ್ತದೆ. ಈ ಹಕ್ಕು ಸ್ವಾತಂತ್ರ್ಯದ ಕೋಟೆಯೆಂದು ಒಂದು ಪಕ್ಷ. ಇದಕ್ಕೆ ಕಟ್ಟುಪಾಡು ಇಲ್ಲದಿದ್ದರೆ ಪ್ರಾಣಕ್ಕೆ ಬೆಲೆಯಿಲ್ಲವೆಂದು ಮತ್ತೊಂದು ಪಕ್ಷ. 2021ನೆಯ ಇಸವಿಯಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಇವರಲ್ಲಿ ಕೊಲೆಗೆ ಈಡಾದವರು 20,958. ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು 26,328. ಉಳಿದವರು ಆಕಸ್ಮಿಕವಾಗಿಯೋ ಆರಕ್ಷಕರ ಗುಂಡಿನಿಂದಲೋ ನಿರ್ಣಯವಾಗದ ಕಾರಣದಿಂದಲೋ ಸತ್ತವರು. ಕಟ್ಟುಪಾಡನ್ನು ಬಯಸುವವರು ಮೊದಲನೆಯ ಅಂಕೆಯನ್ನು ಸಾರುವರು. ಬೇಡವೆನ್ನುವವರು ಅಪರಾಧವೆನಿಸುವುದು ಕೊಲೆಯೊಂದೇ ಎಂದು ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಕಳೆದುಬಿಡುವರು.

ಇಲ್ಲಿ ಯಾರ ಲೆಕ್ಕವೂ ತಪ್ಪಲ್ಲ. ನಿರಾಶೆಯ ಗಳಿಗೆಯಲ್ಲಿ ತನ್ನ ಮೇಲೆಯೇ ಕೈಮಾಡಿಕೊಂಡವನು ಕಾನೂನಿನ ರಕ್ಷಣೆಗೆ ಪಾತ್ರನೋ ಅಲ್ಲವೋ ಎಂಬುದೇ ನಿಜವಾದ ವಿವಾದ. ಅಂಥ ಗಳಿಗೆಯನ್ನು ದಾಟಿ ಉಳಿದುಕೊಂಡವರಲ್ಲಿ ಬಹುಮಂದಿ ಮತ್ತೆ ಆ ದಾರಿಯಿಂದ ಸಾಯುವುದಿಲ್ಲವೆಂಬುದು ವೈದ್ಯರು ಬಲ್ಲ ಸಂಗತಿ. ಆದುದರಿಂದ ಅವರನ್ನು ಎಣಿಕೆಯಿಂದ ಬಿಡುವುದು ಸಣ್ಣ ಮಾತಲ್ಲ. ಆದರೆ ಒಟ್ಟು ಅಂಕೆಯನ್ನು ಹೇಳಿ, ಇವರೆಲ್ಲರೂ ಪಾತಕಿಗಳ ಕೈಯಲ್ಲಿ ಸತ್ತವರೆಂದು ಕೇಳುವವನು ಭ್ರಮಿಸುವಂತೆ ಮಾಡುವುದೂ ವಂಚನೆಯೇ. ಯಾರನ್ನು ಎಣಿಸಬೇಕೆಂಬುದನ್ನು ಬಾಯಿಬಿಟ್ಟು ವಾದಿಸದೆ ಅಂಕೆಯೊಳಗೆ ಅಡಗಿಸಿಡುವುದೇ ಉಭಯಪಕ್ಷದ ದೋಷ.

ಇನ್ನು ಕಾರ್ಯಕಾರಣಗಳ ವಿಚಾರ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬ ಅನುಮಾನ ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬುದು ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಯ ಸೌದೆ ಸೇರಬೇಕು. ಹೀಗೆ ಮರೆಯಲ್ಲಿದ್ದು ಸಂಬಂಧವನ್ನು ಉಂಟುಮಾಡುವ ಸಂಗತಿಯನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಅಂಕೆಗಳನ್ನು ಓದುವವನು ಹಸಿಯ ಸೌದೆಯನ್ನು ಹುಡುಕದೆ ಮುಂದಕ್ಕೆ ಹೋಗಬಾರದು.

1993ರಲ್ಲಿ ಆರ್ಥರ್ ಕೆಲ್ಲರ್ಮನ್ ಎಂಬ ವೈದ್ಯರೂ ಅವರ ಸಂಗಡಿಗರೂ, ಬಂದೂಕು ಇರುವ ಮನೆಯಲ್ಲಿ ಕೊಲೆಯ ಸಂಭವವು ಇಲ್ಲದ ಮನೆಗಿಂತ ಸುಮಾರು 2.7 ಪಟ್ಟು ಎಂದು ಪ್ರಕಟಿಸಿದರು. ಕಟ್ಟುಪಾಡಿನ ಪಕ್ಷದವರಿಗೆ ಇದು ಬ್ರಹ್ಮಾಸ್ತ್ರವಾಯಿತು. ಎದುರು ಪಕ್ಷದವರು ಉಪಾಧಿಯನ್ನು ತೋರಿಸಿದರು: ಕೊಲೆಯ ಭಯವಿದ್ದವನೇ ಮೊದಲು ಬಂದೂಕನ್ನು ಕೊಂಡಿರಬಾರದೇಕೆ? ಔಷಧವಿರುವ ಮನೆಯಲ್ಲಿ ರೋಗಿಗಳು ಹೆಚ್ಚೆಂದ ಮಾತ್ರಕ್ಕೆ ಔಷಧವೇ ರೋಗಕ್ಕೆ ಕಾರಣವಾದೀತೆ? ಆಕ್ಷೇಪವು ಯೋಗ್ಯವಾದುದೇ.

1995ರಲ್ಲಿ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಜ್ ಎಂಬ ವಿದ್ವಾಂಸರು, ವರ್ಷಕ್ಕೆ ಸುಮಾರು 25 ಲಕ್ಷ ಸಲ ಅಮೆರಿಕದವರು ಬಂದೂಕಿನಿಂದ ಆತ್ಮರಕ್ಷಣೆ ಮಾಡಿಕೊಳ್ಳುವರೆಂದು ಬರೆದರು. ಇದು ಮತ್ತೊಂದು ಪಕ್ಷದ ಬ್ರಹ್ಮಾಸ್ತ್ರ. ಇದರ ಆಧಾರವು ಸುಮಾರು 5,000 ಮಂದಿಯನ್ನು ದೂರವಾಣಿಯಲ್ಲಿ ಕೇಳಿದ ಉತ್ತರ. ಹಾಗೆ ಮಾಡಿದೆನೆಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಆಗ ಆ ದೇಶದ ವಯಸ್ಕರು ಸುಮಾರು 19 ಕೋಟಿ. ನೂರರಲ್ಲಿ ಒಬ್ಬನು ಮರೆತೋ ಹೆಮ್ಮೆಗೋ ಹಿಂದಿನ ವರ್ಷದ್ದನ್ನು ಈ ವರ್ಷಕ್ಕೆ ಸೇರಿಸಿಯೋ ಹೌದೆಂದರೆ ಅದೊಂದರಿಂದಲೇ 19 ಲಕ್ಷ ಘಟನೆಗಳು ಲೆಕ್ಕಕ್ಕೆ ಬರುವುವು. ಸರ್ಕಾರವು ಅಪರಾಧಕ್ಕೆ ಗುರಿಯಾದವರನ್ನು ವಿಚಾರಿಸಿ ಪಡೆದ ಅಂದಾಜು ಒಂದು ಲಕ್ಷದ ಆಸುಪಾಸಿನಲ್ಲಿಯೇ ಇದ್ದಿತು.

ಗಮನಿಸತಕ್ಕ ಸಂಗತಿಯೇನೆಂದರೆ, ಎರಡು ಪಕ್ಷಗಳಲ್ಲಿಯೂ ಬುದ್ಧಿಗೆ ಕೊರತೆಯಿಲ್ಲ. ಎದುರಾಳಿಯ ಅಂಕೆ ಬಂದಾಗ ಪ್ರತಿಯೊಬ್ಬನೂ ತಾರ್ಕಿಕನೇ. ತನಗೆ ಪ್ರಿಯವಾದ ಅಂಕೆ ಬಂದಾಗ ಭಕ್ತನು. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಒಂದು ಕೊಳಗ ಹಿಡಿದ ವ್ಯಾಪಾರಿಗೆ ಅಳತೆ ಬಾರದೆಂದು ಯಾರೂ ಹೇಳರು. ಅವನ ಕೊರತೆ ಪ್ರಾಮಾಣಿಕತೆಯದು.

ಒಂದೇ ಕೊಳಗದಿಂದ ಅಳೆದರೆ ಫಲವೇನೆಂಬುದಕ್ಕೆ ಆಸ್ಟ್ರೇಲಿಯಾ ದೇಶವನ್ನು ನೋಡಬಹುದು. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ ಮನುಷ್ಯನು 35 ಮಂದಿಯನ್ನು ಕೊಂದನು. ಆ ಮೇಲೆ ಅಲ್ಲಿನ ಸರ್ಕಾರಗಳು ಒಂದುಗೂಡಿ, ಬೇಗಬೇಗನೆ ಗುಂಡು ಹಾರಿಸುವ ಹಲವು ಬಗೆಯ ಬಂದೂಕುಗಳನ್ನು ನಿಷೇಧಿಸಿ, ಸುಮಾರು 6.5 ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶಮಾಡಿದುವು. ಬಂದೂಕಿನ ಸಾವುಗಳು ಇಳಿದುವು. ಆದರೆ ಅವು ಮೊದಲೇ ಇಳಿಯುತ್ತಿದ್ದುವು. ಕಾನೂನಿನ ತರುವಾಯ ಇಳಿತವು ತ್ವರಿತವಾಯಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದೇ ಕಾಲದಲ್ಲಿ ಬಂದೂಕಿಲ್ಲದೆ ಆದ ಕೊಲೆ ಆತ್ಮಹತ್ಯೆಗಳೂ ಇಳಿದುದು ಕಂಡುಬಂದುದರಿಂದ, ಎಲ್ಲವೂ ಕಾನೂನಿನ ಫಲವೆಂದು ನಿಶ್ಚಯಿಸಲಾಗದೆಂದು ಒಪ್ಪಲಾಯಿತು. ಆ ಕಾನೂನಿಗೆ ಒಲಿದಿದ್ದ ಸಂಶೋಧಕರೇ ಇದನ್ನು ಬರೆದರು. ಪ್ರಮಾಣವು ಎಷ್ಟು ದೂರ ನಡೆಯುವುದೋ ಅಷ್ಟೇ ದೂರ ನಡೆದು ನಿಲ್ಲುವುದು ಸೋಲಲ್ಲ.

ಹಾಗಾದರೆ ಸಂದೇಹವಿರುವ ತನಕ ಸುಮ್ಮನಿರಬೇಕೆ? ಇಲ್ಲಿಯೇ ಮತ್ತೊಂದು ಹಳ್ಳವಿದೆ. ಅದೇ 1996ರಲ್ಲಿ ಅಮೆರಿಕದ ಶಾಸನಸಭೆಯು, ರೋಗನಿವಾರಣೆಯ ಕೇಂದ್ರಸಂಸ್ಥೆಯ ಹಣವನ್ನು ಬಂದೂಕಿನ ನಿಯಂತ್ರಣವನ್ನು ಪ್ರಚಾರಮಾಡಲು ಬಳಸಕೂಡದೆಂದು ವಿಧಿಸಿತು. ಈ ವಿಷಯದ ಸಂಶೋಧನೆಗೆ ಹಿಂದೆ ವೆಚ್ಚವಾಗಿದ್ದ 26 ಲಕ್ಷ ಡಾಲರನ್ನೂ ಕಡಿತಮಾಡಿತು. ಶಬ್ದಗಳು ಪ್ರಚಾರವನ್ನು ಮಾತ್ರ ನಿಷೇಧಿಸಿದರೂ ಭಯದಿಂದ ವಿಚಾರಣೆಯೇ ಬಹುಮಟ್ಟಿಗೆ ನಿಂತಿತು. ಪ್ರಮಾಣ ಸಾಲದೆಂದು ಹೇಳುತ್ತ ಪ್ರಮಾಣವನ್ನು ಹುಡುಕುವ ದಾರಿಯನ್ನು ಮುಚ್ಚುವುದು ಸಂದೇಹವಲ್ಲ, ಸಂದೇಹದ ವೇಷ. ಆ ವಿಧಿಗೆ ಯಾರ ಹೆಸರು ಅಂಟಿಕೊಂಡಿತೋ ಆ ಜೇ ಡಿಕಿ ಎಂಬ ಶಾಸಕರು 2012ರಲ್ಲಿ, ತಮ್ಮ ಹಿಂದಿನ ಎದುರಾಳಿಯಾದ ಮಾರ್ಕ್ ರೋಸೆನ್‌ಬರ್ಗ್ ಎಂಬ ವೈದ್ಯರೊಡನೆ ಕೂಡಿ, ಸಂಶೋಧನೆ ನಡೆಯಬೇಕೆಂದು ಪತ್ರಿಕೆಯಲ್ಲಿ ಬರೆದರು. 2019ರ ಕೊನೆಯಲ್ಲಿ ಅದೇ ಸಭೆಯು ಇದಕ್ಕಾಗಿ 2.5 ಕೋಟಿ ಡಾಲರನ್ನು ಒದಗಿಸಿತು. ಈ ನಡುವಣ ವರ್ಷಗಳಲ್ಲಿ ಸತ್ತವರ ಎಣಿಕೆ ಮಾತ್ರ ನಿಂತಿರಲಿಲ್ಲ.

ಪೂರ್ವಿಕರು ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಂಗಡಿಸಿದರು. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೂ ಸ್ಥಾಪಿಸದೆ ಅನ್ಯರದನ್ನು ಕೆಡಹುವುದು ವಿತಂಡ. ಅಂಕೆಯು ಮೂರಕ್ಕೂ ಒದಗುವುದು. ಯಾವುದಕ್ಕೆ ಒದಗಿತೆಂಬುದು ಹಿಡಿದವನ ಮನಸ್ಸಿನಲ್ಲಿದೆ. ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆ, ಪ್ರಾಣಕ್ಕೆ ಎಷ್ಟು ಬೆಲೆಯೆಂಬುದನ್ನು ಯಾವ ಪಟ್ಟಿಯೂ ತಿಳಿಸಲಾರದು. ಅದನ್ನು ಮನುಷ್ಯರು ಕುಳಿತು ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಮುನ್ನ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಈ ಅಂಕೆಯು ನನಗೆ ವಿರುದ್ಧವಾಗಿ ಬಂದಿದ್ದರೆ ಇದನ್ನು ಹೀಗೆಯೇ ನಂಬುತ್ತಿದ್ದೆನೆ? ಪಟ್ಟಿಯ ಒಂದೊಂದು ಅಂಕೆಯೂ ಒಂದು ಮನೆಯಲ್ಲಿ ಬರಿದಾದ ಒಂದು ಎಡೆ. ಅದನ್ನು ಚರ್ಚೆಯ ಆಯುಧವಾಗಿ ಬೀಸುವವನು ಸತ್ತವನಿಗೆ ಎರಡನೆಯ ಸಲ ಅನ್ಯಾಯ ಮಾಡುವನು. ಸತ್ಯವಾಗಿ ಎಣಿಸುವವನು ಅವನಿಗೆ ಸಲ್ಲಬೇಕಾದ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸುವನು.