ಬೆಂಕಿಯಿಲ್ಲದ ಮನೆಗಳು

ದುಃಖವನ್ನು ಹೇಳುವ ಕಾವ್ಯವನ್ನು ಓದಿ ನಾವು ಸಂತೋಷಪಡುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಎತ್ತಿ, ತಮ್ಮ ಮಟ್ಟಿಗೆ ಬಗೆಹರಿಸಿಯೂ ಇದ್ದಾರೆ. ಭಟ್ಟನಾಯಕನ ಸಾಧಾರಣೀಕರಣದ ಮಾತನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ರಂಗದ ಮೇಲೆ ಅಳುವ ಸೀತೆ ಆ ಹೊತ್ತಿಗೆ ಜನಕನ ಮಗಳೂ ಅಲ್ಲ, ನಮ್ಮ ಮನೆಯ ಮಗಳೂ ಅಲ್ಲ. ಅವಳ ದುಃಖ ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರದೂ ಆಗಿ ಆಸ್ವಾದಕ್ಕೆ ಒದಗುತ್ತದೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಹಿಂದಕ್ಕೆ ಕೊಡುತ್ತಾರೆ. ಆದರೆ ಇದು ಕಾವ್ಯದ ಮಾತಾಯಿತು. ನಿಜವಾಗಿ ಬದುಕಿದ್ದವರು ನಿಜವಾಗಿ ಪಟ್ಟ ಕಷ್ಟದಿಂದ ಉಳಿದುಬಂದ ಚೆಲುವನ್ನು ಕಂಡು ನಲಿಯುವುದಕ್ಕೂ ಈ ಅನುಮತಿ ಸಲ್ಲುತ್ತದೆಯೇ? ಪ್ರಶ್ನೆ ನನಗೆ ಬಂದದ್ದು ಗ್ರಂಥದಿಂದಲ್ಲ. ನಾರ್ವೆಯ ಬೆರ್ಗೆನ್ ನಗರದಲ್ಲಿ, ಜನವರಿ ತಿಂಗಳಲ್ಲಿ, ಕೈಯಲ್ಲಿ ಕ್ಯಾಮರಾ ಇದ್ದಾಗ ಬಂತು.

ನನ್ನ ತಂಗಿಯ ಸಂಸಾರ ಅಲ್ಲಿ ನೆಲಸಿದೆ. "ಬರುವುದಾದರೆ ಬೇಸಗೆಯಲ್ಲಿ ಬಾ ಅಣ್ಣ" ಎಂದು ಅವಳು ಬಹಳ ಹೇಳಿದಳು. ಚಳಿಗಾಲದಲ್ಲಿ ವಿಮಾನದ ದರ ಕಡಮೆ. ಅಧ್ಯಾಪಕನಾದವನು ಋತುವನ್ನು ತನ್ನ ಜೇಬು ನೋಡಿಕೊಂಡೇ ಆರಿಸಬೇಕು. ಸ್ಕಾಂಡಿನೇವಿಯ ಎಂದೊಡನೆ ನಮ್ಮ ಮನಸ್ಸು ಹಿಮವನ್ನು ಕಲ್ಪಿಸಿಕೊಳ್ಳುತ್ತದೆ. ಬೆರ್ಗೆನ್ ಈ ಕಲ್ಪನೆಗೆ ಸಹಕರಿಸುವ ಊರಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ ೬೦ ಡಿಗ್ರಿಯಷ್ಟು ದೂರವಿದ್ದರೂ, ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ತಡವಿಕೊಂಡು ಹೋಗುವುದರಿಂದ ಅಲ್ಲಿ ಚಳಿಗಾಲವೆಂದರೆ ಹೆಚ್ಚಾಗಿ ಮಳೆಗಾಲವೇ. ವರ್ಷಕ್ಕೆ ೨,೨೦೦ ಮಿಲಿಮೀಟರಿಗೂ ಮೀರಿದ ಮಳೆ. ಆಗುಂಬೆಯವರು ಈ ಅಂಕಿಯನ್ನು ಕೇಳಿ ನಗಬಹುದು. ಆದರೆ ಆಗುಂಬೆಯ ಮಳೆಗೆ ಹಗಲಾದರೂ ಉಂಟು. ಇಲ್ಲಿ ಬೆಳಗಾಗುವುದು ಹತ್ತು ಗಂಟೆ ಸಮೀಪಿಸಿದಾಗ. ನಾಲ್ಕಕ್ಕೆಲ್ಲ ಸೂರ್ಯ ಇಲ್ಲ. ನಾನಿದ್ದ ಹತ್ತು ದಿನಗಳಲ್ಲಿ ಹಿಮ ಬಿದ್ದದ್ದು ಒಂದೇ ದಿನ.

ಆ ಒಂದು ದಿನದ ಸಂಜೆ ಬಂದರಿನ ಆಚೆ ದಡದಲ್ಲಿ ನಿಂತು ಬ್ರಿಗ್ಗೆನ್ನಿನ ಚಿತ್ರ ತೆಗೆದೆ. ಬ್ರಿಗ್ಗೆನ್ ಎಂದರೆ ಧಕ್ಕೆ ಎಂದೇ ಅರ್ಥ. ನೀರಿಗೆ ಮುಖ ಮಾಡಿ, ಭುಜಕ್ಕೆ ಭುಜ ಕೊಟ್ಟು ನಿಂತ ಮರದ ಮನೆಗಳ ಸಾಲು: ಕಾವಿ, ಹಳದಿ, ಬಿಳಿ, ಒಂದೊಂದರ ನೆತ್ತಿಯೂ ತ್ರಿಕೋನ, ಹಿಂದೆ ಫ್ಲೋಯೆನ್ ಬೆಟ್ಟ. ಉತ್ತರ ದೇಶಗಳಲ್ಲಿ ಸೂರ್ಯ ನೆಟ್ಟಗೆ ಮುಳುಗದೆ ಓರೆಯಾಗಿ ಜಾರಿಹೋಗುವುದರಿಂದ ಮುಸ್ಸಂಜೆ ನಮ್ಮಲ್ಲಿಯಂತೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದಿಲ್ಲ. ಆಕಾಶ ಬಹಳ ಹೊತ್ತು ನೀಲಿಯಾಗಿಯೇ ಉಳಿಯುತ್ತದೆ. ಅದರ ಕೆಳಗೆ ಕಿಟಕಿಗಳ ಹಳದಿ ಬೆಳಕು. ಈ ಚೆಲುವನ್ನು ಕೆಡಿಸಲು ವಿಶೇಷ ಅಪ್ರಯೋಜಕತನ ಬೇಕು. ಆದರೂ ಕ್ಯಾಮರಾ ಅದನ್ನು ಪ್ರಯತ್ನಿಸುತ್ತದೆ. ಜಗತ್ತೆಲ್ಲ ನಡುತರದ ಬೆಳಕಿನದು ಎಂಬುದು ಆ ಯಂತ್ರದ ಸಿದ್ಧಾಂತ. ಹಾಗಾಗಿ ಹಿಮವನ್ನು ಅದರ ಪಾಡಿಗೆ ಬಿಟ್ಟರೆ ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ. ತೆಗೆಯುವವನು ಬೇಕೆಂದೇ ಬೆಳಕನ್ನು ಒಂದಿಷ್ಟು ಹೆಚ್ಚಿಸಿಕೊಟ್ಟರೆ ಬಿಳಿ ಬಿಳಿಯಾಗುತ್ತದೆ. ಕ್ಯಾಮರಾ ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ ಎನ್ನುವವರು ಹಿಮದ ಚಿತ್ರ ತೆಗೆದು ನೋಡಬೇಕು.

ಚಿತ್ರ ಚೆನ್ನಾಗಿ ಬಂದಿತು. ಮಾರನೆಯ ದಿನ ಮಳೆ ಸುರಿದು ಹಿಮವೆಲ್ಲ ಕರಗಿ ಕೆಸರಾಗಿತ್ತು. ಅಂದು ನಾನು ಆ ಮನೆಗಳ ನಡುವಣ ಓಣಿಗಳನ್ನು ಹೊಕ್ಕೆ.

ಹೊರಗಿನಿಂದ ಕಾಣುವುದು ಮುಖಗಳು ಮಾತ್ರ. ಅವುಗಳ ಹಿಂದೆ ಹಲಗೆ ಹಾಸಿದ ಇಕ್ಕಟ್ಟಾದ ಓಣಿಗಳು ಉದ್ದಕ್ಕೆ ಹೋಗುತ್ತವೆ. ಇಕ್ಕೆಲದಲ್ಲಿಯೂ ಮರದ ಮಾಳಿಗೆ ಮನೆಗಳು ಒಂದರ ಮೇಲೊಂದು ಒರಗಿಕೊಂಡಂತಿವೆ. ಜರ್ಮನಿಯ ಹಾನ್ಸಾ ವರ್ತಕಸಂಘ ಸುಮಾರು ೧೩೬೦ರಲ್ಲಿ ಇಲ್ಲಿ ತನ್ನ ಕೋಠಿಯನ್ನು ತೆರೆಯಿತು. ೧೭೫೪ರವರೆಗೂ ಅದು ನಡೆಯಿತು. ಉತ್ತರ ನಾರ್ವೆಯಲ್ಲಿ ಕಾಡ್ ಮೀನನ್ನು ಉಪ್ಪು ಸೋಕಿಸದೆ ಬರಿಯ ಗಾಳಿಗೆ ಕಟ್ಟಿಗೆಯಂತೆ ಒಣಗಿಸುತ್ತಾರೆ. ಆ ಮೀನು ದಕ್ಷಿಣಕ್ಕೆ, ದಕ್ಷಿಣದ ಧಾನ್ಯ ಉತ್ತರಕ್ಕೆ: ಇದೇ ವ್ಯಾಪಾರ. ಮುಂಗಡ ಕೊಟ್ಟು ಬೆಸ್ತರನ್ನು ಸಾಲದಲ್ಲಿಟ್ಟುಕೊಳ್ಳುವ ಪದ್ಧತಿ ಬೇರೆ. ಮಲೆನಾಡಿನ ಅಡಕೆ ಬೆಳೆಗಾರರಿಗೆ ಮಂಡಿ ಸಾಹುಕಾರರನ್ನು ನೆನೆದರೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಈ ಕೋಠಿಯಲ್ಲಿ ದುಡಿಯಲು ಜರ್ಮನಿಯ ಊರುಗಳಿಂದ ಹುಡುಗರು ಬರುತ್ತಿದ್ದರು. ಮೀಸೆ ಮೂಡದ ಹುಡುಗರು. ಅಲ್ಲಿದ್ದಷ್ಟು ಕಾಲ ಯಾರೂ ಮದುವೆಯಾಗುವಂತಿರಲಿಲ್ಲ. ಮಲಗುವುದು ಗೋಡೆಗೆ ಹೊಂದಿಸಿದ ಪೆಟ್ಟಿಗೆಯಂಥ ಮಂಚಗಳಲ್ಲಿ. ಇಷ್ಟನ್ನು ಕೇಳಿ ನಾವು ಹಾಸ್ಟೆಲುಗಳನ್ನು ನೆನೆದು ಸುಮ್ಮನಾಗಬಹುದು. ಆದರೆ ಇನ್ನೊಂದು ಕಟ್ಟಳೆಯಿತ್ತು. ಎಲ್ಲವೂ ಮರವಾದ್ದರಿಂದ ಆ ಮನೆಗಳಲ್ಲಿ ಬೆಂಕಿ ಹಚ್ಚುವಂತಿಲ್ಲ. ಒಲೆ ಇಲ್ಲ, ಅಗ್ಗಿಷ್ಟಿಕೆ ಇಲ್ಲ. ಸಾಲಿನ ಹಿಂಭಾಗದಲ್ಲಿ, ಮನೆಗಳಿಂದ ದೂರವಾಗಿ, ಷೋಟ್‌ಸ್ಟೂವ ಎಂಬ ಸಭಾಗೃಹಗಳಿದ್ದವು. ಬೆಂಕಿ ಅಲ್ಲಿ, ಬಿಸಿ ಊಟ ಅಲ್ಲಿ, ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳುವುದೂ ಅಲ್ಲಿ. ಮಲಗುವ ಹೊತ್ತಿಗೆ ಮತ್ತೆ ಈ ತಣ್ಣನೆಯ ಮರದ ಪೆಟ್ಟಿಗೆಗೆ.

ಇದನ್ನು ಕ್ರೌರ್ಯವೆನ್ನಲು ನನಗೆ ಬಾಯಿ ಬರುವುದಿಲ್ಲ, ಇದು ವಿವೇಕ. ಇಷ್ಟು ಕಟ್ಟುನಿಟ್ಟು ಇದ್ದರೂ ಬೆರ್ಗೆನ್ ಮತ್ತೆ ಮತ್ತೆ ಉರಿದಿದೆ. ೧೭೦೨ರ ಬೆಂಕಿಯಲ್ಲಿ ಧಕ್ಕೆಯ ಸಾಲೆಲ್ಲ ಹೋಯಿತು. ಇಂದು ಕಾಣುವುದು ಅದರ ಅನಂತರ ಹಳೆಯ ಪಡಿಯಚ್ಚಿನಲ್ಲೇ ಕಟ್ಟಿದ್ದು. ೧೯೫೫ರ ಜುಲೈ ತಿಂಗಳಲ್ಲಿ ಮತ್ತೊಂದು ಬೆಂಕಿ ಉಳಿದುದರಲ್ಲಿ ದೊಡ್ಡ ಪಾಲನ್ನು ನುಂಗಿತು. ಆ ಜಾಗದಲ್ಲಿ ಈಗ ಹೋಟೆಲೊಂದು ಹಳೆಯ ಮುಖಗಳ ನಕಲನ್ನು ಧರಿಸಿ ನಿಂತಿದೆ. ಯಾವುದು ಹಳೆಯದು, ಯಾವುದು ನಕಲು, ಬಿಡಿಭಾಗಗಳಲ್ಲಿ ರಥವೆಂಬುದು ಯಾವುದು ಎಂದು ನಾಗಸೇನ ಎತ್ತಿದಂಥ ಚರ್ಚೆಗೆ ಇಲ್ಲಿ ಒಳ್ಳೆಯ ಅವಕಾಶವಿದೆ; ನನ್ನನ್ನು ಅದು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಇದು: ಆ ಹುಡುಗರು ಒಂದು ರಾತ್ರಿ, ಚಳಿ ತಡೆಯಲಾರದೆ, ಒಂದು ಕೆಂಡವನ್ನು ಒಳಕ್ಕೆ ತಂದಿದ್ದರೆ ಬಹುಶಃ ನನ್ನ ಚಿತ್ರವಿಲ್ಲ. ೧೯೭೯ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಈ ಸುಮಾರು ೬೦ ಮನೆಗಳ ಚೆಲುವನ್ನು ಕಾಪಾಡಿಕೊಟ್ಟದ್ದು ಅವರ ನಡುಕ. ಕಲ್ಲು, ಮರ, ಬಣ್ಣ ಎಲ್ಲಕ್ಕೂ ಬೆಲೆ ತೆತ್ತವರ ಲೆಕ್ಕ ವರ್ತಕರ ಖಾತೆಯಲ್ಲಿ ಇದ್ದೀತು. ಇದರ ಲೆಕ್ಕವನ್ನು ಯಾರೂ ಬರೆದಿಟ್ಟುಕೊಂಡಂತಿಲ್ಲ.

ರಾತ್ರಿ ಊಟದ ಹೊತ್ತಿಗೆ ಈ ಮಾತು ತೆಗೆದೆ. ತಂಗಿಯ ಗಂಡ ಇಂಜಿನಿಯರು. ಭಾವುಕತೆಯನ್ನು ಅಳತೆ ಮಾಡಿ ನೋಡುವವರು. "ಭಾವ, ಆ ಹುಡುಗರು ತಾವಾಗಿ ಬಂದವರು. ಕೆಲವರು ಮುಂದೆ ದೊಡ್ಡ ವರ್ತಕರೂ ಆದರು. ಹಂಪಿಗೆ ಹೋದಾಗ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯದ ಚಿತ್ರ ತೆಗೆದಿರಲಿಲ್ಲವೇ ನೀವು? ೧೫೬೫ರಲ್ಲಿ ಹಾಳಾದ ಊರು ಅದು. ಅಲ್ಲಿ ಬರದ ಮರುಕ ಇಲ್ಲೇಕೆ?" ಎಂದರು. ತಂಗಿ ಸಾರು ಬಡಿಸುತ್ತ, "ಚಳಿಯಲ್ಲೇ ಹುಟ್ಟಿದವರಿಗೆ ಚಳಿ ನಮ್ಮಷ್ಟು ಆಗುವುದಿಲ್ಲ ಅಣ್ಣ. ಇಲ್ಲಿ ಹಸುಗೂಸುಗಳನ್ನು ಹಗಲು ಹೊತ್ತು ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ, ಹಿಮ ಬೀಳುವಾಗಲೂ" ಎಂದಳು. ನನ್ನ ಸೊಸೆ, ಒಂಬತ್ತು ವರ್ಷದವಳು, ಹಿಂದಿನ ದಿನ ಹಿಮದಲ್ಲಿ ಹೊರಳಿ ಮೂಗು ಕೆಂಪಾಗಿಸಿಕೊಂಡು ಬಂದವಳು, ಮರುಕಕ್ಕೆ ಕಾರಣವೇ ಕಾಣದೆ ನನ್ನ ಮುಖ ನೋಡಿದಳು.

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಹಂಪಿಯ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಹಾಳೂರು ತನ್ನ ಗಾಯವನ್ನು ಮುಚ್ಚಿಡುವುದಿಲ್ಲ, ಮುರಿದ ಕಂಬವೇ ಹೇಳುತ್ತದೆ. ಇಲ್ಲಿ ಕಿಟಕಿಯ ಹಳದಿ ದೀಪ, ಒಳಗೆ ಯಾವಾಗಲೂ ಬೆಚ್ಚಗಿತ್ತು ಎಂದು ನಂಬಿಸುತ್ತದೆ ಎಂದು ಆಮೇಲೆ ತೋರಿತು. ತಂಗಿಯ ಮಾತನ್ನಂತೂ ಬಹಳ ಯೋಚಿಸಿದೆ. ಚಳಿಯೇ ದುಃಖವಲ್ಲವೆಂಬುದು ನಿಜ. ನನ್ನ ಸೊಸೆಗೆ ಹಿಮ ಆಟವಾದದ್ದು, ಆಟ ಮುಗಿದಾಗ ಬಾಗಿಲು ತೆರೆದು ಒಳಗೆ ಕರೆಯುವವರಿದ್ದುದರಿಂದ. ಬ್ರಿಗ್ಗೆನ್ನಿನ ಹುಡುಗನಿಗೆ ಇಲ್ಲದಿದ್ದುದು ಕೆಂಡಕ್ಕಿಂತ ಹೆಚ್ಚಾಗಿ ಆ ಕರೆಯೇ ಇರಬೇಕು.

ಈ ಊಹೆಗೆ ವಿಚಿತ್ರವಾದ ಒಂದು ಒತ್ತಾಸೆ ದೊರೆಯಿತು. ೧೯೫೫ರ ಬೆಂಕಿ ಸುಟ್ಟ ನೆಲವನ್ನು ಅಸ್ಬಿಯೋರ್ನ್ ಹೆರ್ಟೈಗ್ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ವರ್ಷಗಟ್ಟಲೆ ಅಗೆದರು. ಹಸಿ ಮಣ್ಣಿನಲ್ಲಿ ಕೊಳೆಯದೆ ಉಳಿದಿದ್ದ, ರೂನ್ ಲಿಪಿ ಕೊರೆದ ನೂರಾರು ಮರದ ಕಡ್ಡಿಗಳು ದೊರೆತವು. ಪಕ್ಕದಲ್ಲಿಯೇ ಕಟ್ಟಿರುವ ವಸ್ತುಸಂಗ್ರಹಾಲಯಕ್ಕೆ ಎರಡು ಸಲ ಹೋದೆ. ಕನ್ನಡ ಮೇಷ್ಟರಿಗೆ ಶಾಸನವೆಂದರೆ ದತ್ತಿ, ಗೆಲುವು, ವೀರಮರಣ. ಕಲ್ಲಿನಲ್ಲಿ ಕೆತ್ತಿಸುವಷ್ಟು ಅನುಕೂಲವುಳ್ಳವರ ಮಾತು. ಇಲ್ಲಿನವು ಹಾಗಲ್ಲ. ಸರಕಿನ ಮೂಟೆಗೆ ಕಟ್ಟಿದ ಹೆಸರಿನ ಚೀಟಿಗಳು, ಪ್ರಾರ್ಥನೆಗಳು, ಪೋಲಿ ಮಾತುಗಳು. ಒಂದು ಕಡ್ಡಿಯಲ್ಲಿ ಇಷ್ಟೇ: ಗ್ಯೂದಾ ಎಂಬುವಳು ಯಾರಿಗೋ, ಮನೆಗೆ ಹೋಗಬೇಕಂತೆ ಎಂದು ಹೇಳಿಕಳುಹಿಸಿದ್ದಾಳೆ. ಹಾನ್ಸಾದವರು ಬರುವುದಕ್ಕೂ ಹಿಂದಿನದು. ಸುಮಾರು ಎಂಟು ನೂರು ವರ್ಷ ಹಳೆಯದು. ಗಂಡ ಹೆಂಡದಂಗಡಿಯಲ್ಲಿ ಕುಳಿತುಬಿಟ್ಟಿದ್ದನೆಂದು ಓದುಗರು ಸಾಮಾನ್ಯವಾಗಿ ಊಹಿಸುತ್ತಾರೆ.

ಆ ಕಡ್ಡಿಯನ್ನು ಕಂಡ ಮೇಲೆ ಭಟ್ಟನಾಯಕನ ಮಾತು ನನಗೆ ಇನ್ನಷ್ಟು ತೊಡಕಾಯಿತು. ಸಾಧಾರಣೀಕರಣಕ್ಕೆ ಹೆಸರು ಕರಗಬೇಕು. ಹೆಸರೇ ಉಳಿಯದ ಹುಡುಗರ ವಿಷಯದಲ್ಲಿ ಕರಗುವುದು ಸುಲಭ. ಅವರು ಒಂದು ನೀಲಿ ಸಂಜೆಯಾಗಿ, ಹಿಮವಾಗಿ, ಗೋಡೆಗೆ ತೂಗುವ ಚಿತ್ರವಾಗಿ ಕರಗಿಬಿಡುತ್ತಾರೆ. ಗ್ಯೂದಾ ಕರಗುವುದಿಲ್ಲ. ಕವಿ ಸೀತೆಯ ದುಃಖವನ್ನು ಎಲ್ಲರದಾಗಿಸುವ ಮುನ್ನ ಅದನ್ನು ಪೂರ್ತಿಯಾಗಿ ಸೀತೆಯದನ್ನಾಗಿ ನಮಗೆ ತೋರಿಸಿರುತ್ತಾನೆ. ಆ ಕೆಲಸವನ್ನು ಮಾಡದೆ ಫಲವನ್ನು ಮಾತ್ರ ಬಯಸುವುದು ರಸವಲ್ಲ, ಪುಕ್ಕಟೆ ಊಟ. ನಲಿಯಬಾರದೆಂದು ನಾನು ಹೇಳಲಾರೆ. ಚೆಲುವನ್ನು ಕಂಡು ಮುಖ ತಿರುಗಿಸಿದರೆ ಸತ್ತ ಹುಡುಗನಿಗೆ ಚಳಿ ಕಡಮೆಯಾಗುವುದಿಲ್ಲ. ಆದರೆ ಚಿತ್ರ ತೋರಿಸುವವನು ಅದನ್ನು ತೋರಿಸಿ ಸುಮ್ಮನಿರಬಹುದೇ ಎಂಬುದು ನನ್ನ ಮಟ್ಟಿಗೆ ಉಳಿದೇ ಇತ್ತು.

ಅದನ್ನು ನಿರ್ಧರಿಸುವ ಸಂದರ್ಭವೂ ಬಂದಿತು. ಊರಿಗೆ ಮರಳಿದ ಮೇಲೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ವಿದ್ಯಾರ್ಥಿ ಸಂಪಾದಕ ಚಿತ್ರವೊಂದನ್ನು ಕೇಳಿದ. ಮಳೆಯಲ್ಲಿ ತೆಗೆದ ಓಣಿಯ ಚಿತ್ರಗಳೂ ಇದ್ದವು: ಕಪ್ಪು ಹಲಗೆ, ಸೋರುವ ಸೂರು. ಅವನ್ನು ಕೊಟ್ಟು ಪ್ರಾಮಾಣಿಕನೆನ್ನಿಸಿಕೊಳ್ಳಬಹುದಿತ್ತು. ಆದರೆ ಅವು ಮಂಕು ಚಿತ್ರಗಳು, ಯಾರೂ ಎರಡನೆಯ ಸಲ ನೋಡುವಂಥವಲ್ಲ. ಹಿಮದ ಚಿತ್ರವನ್ನೇ ಕೊಟ್ಟೆ. ಕೆಳಗೆ ಒಂದು ಸಾಲು ಬರೆದೆ: "ಬೆರ್ಗೆನ್, ಜನವರಿ. ಈ ಮನೆಗಳಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ."

ಹುಡುಗ ಓದಿದ. ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದ. "ಮತ್ತೆ ಅನ್ನ ಎಲ್ಲಿ ಬೇಯಿಸ್ತಿದ್ದರು ಸಾರ್?" ಎಂದ.

ಹಿಂದುಗಡೆ, ದೂರದಲ್ಲಿ, ಎಂದೆ.

"ಚಿತ್ರದಲ್ಲಿ ಕಾಣೋದಿಲ್ಲವಲ್ಲ" ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕುಳಿತ.