ಹೂವನ್ನು ನೋಡಿದೆವೋ, ಹಿಡಿದೆವೋ?



ಹಿಂದಿನ ಮಳೆಗಾಲದಲ್ಲಿ ಅಕ್ಕಲಕೋಟೆ ಸೀಮೆಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಅವರ ಹಿತ್ತಲಲ್ಲಿ ನಮ್ಮ ಜನ ಬ್ರಹ್ಮಕಮಲವೆಂದು ಕರೆಯುವ ಗಿಡವಿತ್ತು. ಹಿಮಾಲಯದ ಬ್ರಹ್ಮಕಮಲವೇ ಬೇರೆ; ಇದು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ಎಲೆಯಂತೆ ಚಪ್ಪಟೆಯಾದ ಕಾಂಡದ ಅಂಚಿನಿಂದ ಮೊಗ್ಗು ಇಳಿದು, ಕತ್ತಲಾದ ಮೇಲೆ ಅರಳಿ, ಬೆಳಗಾಗುವುದರೊಳಗೆ ಬಾಡುತ್ತದೆ. ಬೇಸಿಗೆಯಲ್ಲಿ ಕೊಡ ನೀರಿಗೆ ಪರದಾಡುವ ಊರಿನಲ್ಲಿ, ಮನೆಯ ಹಿರಿಯ ತಾಯಿ ಕಾಯಿಪಲ್ಯೆ ತೊಳೆದ ನೀರು ಹಾಕಿ ಮೂರು ವರ್ಷ ಅದನ್ನು ಬದುಕಿಸಿದ್ದರು. ಅಂದು ಅದು ಮೊದಲ ಸಲ ಅರಳಿತ್ತು.

ಮನೆಮಂದಿಯೆಲ್ಲ ಮೊಬೈಲು ಹಿಡಿದು ಸೇರಿದರು. ಚಿತ್ರ ಚೆನ್ನಾಗಿ ಬರಲೆಂದು ಮೊಮ್ಮಗ ಹೂವಿನ ಕುತ್ತಿಗೆಯನ್ನು ದೀಪದ ಕಡೆಗೆ ಹೊರಳಿಸಿದ. ಅದು ಮುರಿದು ಕೈಗೆ ಬಂತು. ಎಲ್ಲರೂ ಸುಮ್ಮನಾದರು. ಆ ತಾಯಿ ಮಾತ್ರ, “ಹೋಗ್ಲಿ ಬಿಡೋ ತಮ್ಮಾ. ಹೂವು ನೋಡಿದೇನು?” ಎಂದರು. ಹುಡುಗ ಮೊಬೈಲಿನ ಕಡೆಗೆ ನೋಡಿದ. ಚಿತ್ರ ಅಲ್ಲಿತ್ತು. ಅದರ ವಾಸನೆ ಹೇಗಿತ್ತೆಂದು ಕೇಳಿದರೆ ಅವನಿಗೆ ಹೇಳಲು ಬರಲಿಲ್ಲ.

ಆದರೆ ಅದೇ ಚಿತ್ರ ಆ ರಾತ್ರಿಯೇ ದೂರದ ಊರಿಗೆ ಕೊಟ್ಟ ಮಗಳನ್ನು ಮುಟ್ಟಿತು. “ಅವ್ವಾ, ಹಿತ್ತಲದಾಗ ನಿನ್ನ ಮಗ್ಗಲಕ ನಿಂತಂಗಾತು” ಎಂದು ಆಕೆ ಫೋನಿನಲ್ಲಿ ಅತ್ತಳು. ಹಾಗಾದರೆ ಚಿತ್ರ ತೆಗೆದದ್ದು ತಪ್ಪೋ, ಒಪ್ಪೋ?

ಪೂಜೆಗೆಂದು ನಾವೂ ದಿನಾಲು ಹೂವು ಕೊಯ್ಯುತ್ತೇವೆ, ಮುರಿದದ್ದರಲ್ಲೇನು ದೋಷವೆಂದು ಕೆಲವರು ಕೇಳಬಹುದು. ಪೂಜೆಗೆ ಕೊಯ್ದ ಹೂವು ಅರ್ಪಿತವಾಗುತ್ತದೆ. ಕೊಯ್ದವನು ಅದನ್ನು ತನ್ನದೆನ್ನುವುದಿಲ್ಲ. ಹೂಗಾರ ಮಾದಯ್ಯನಂಥ ಶರಣರಿಗೆ ಹೂವು ಕಾಯಕವಾದದ್ದು ಹೀಗೆಯೇ. ಇಲ್ಲಿ ಮುರಿಯಿಸಿದ್ದು “ನನ್ನ ಚಿತ್ರ” ಎಂಬ ಆತುರ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರ ಬಳಿಗೆ ಅಲ್ಲಮಪ್ರಭು ಬಂದ ಪ್ರಸಂಗ ನಮಗೆಲ್ಲ ಗೊತ್ತು. ಕೆರೆ ಕೆಟ್ಟದ್ದೆಂದು ಪ್ರಭುಗಳು ಬರಲಿಲ್ಲ. ಒಳ್ಳೆಯ ಕೆಲಸದೊಳಗೂ “ನಾನು ಮಾಡಿದೆ” ಎಂಬುದು ಅಡಗಿರುತ್ತದೆ ಎಂದು ಎಚ್ಚರಿಸಲು ಬಂದರು. ಕೆರೆಗೆ ಸಲ್ಲುವ ಮಾತು ಚಿತ್ರಕ್ಕೂ ಸಲ್ಲುತ್ತದೆ.

ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ರೆಪ್ಪೆ ಅಲುಗದಂತೆ ನೋಡುವುದು ನಮ್ಮ ನಿತ್ಯದ ಅಭ್ಯಾಸ. ನೋಡುವುದೇ ಅಲ್ಲಿ ಪೂಜೆ. ಅದೇ ಅಂಗೈಗೆ ಈಗ ಮೊಬೈಲೂ ಬಂದಿದೆ. ನೋಟ ನಿಲ್ಲುವುದನ್ನು ಕಲಿತ ಕೈ ಇದನ್ನು ಹಿಡಿದಾಗಲೂ ನಿಲ್ಲಬೇಕಲ್ಲವೆ?

ವ್ಯಾಪಾರಿ ಬಂಧುಗಳಿಗೆ ಈ ಮಾತು ಬೇಗ ತಿಳಿದೀತು. ಕಿರ್ದಿಯಲ್ಲಿ ಬರೆದದ್ದು ಮಾಲಲ್ಲ. ಆದರೆ ಬರೆಯದಿದ್ದರೆ ಬಂದದ್ದು ಹೋದದ್ದು ಮರೆತುಹೋಗುತ್ತದೆ. ಮಾಲು ಬಾರದೆ ಬರೆದ ಕಿರ್ದಿ ಸುಳ್ಳು. ಹಾಗೆಯೇ ಮೊದಲು ಕಣ್ಣು ತುಂಬ ನೋಡಿ ಆಮೇಲೆ ತೆಗೆದ ಚಿತ್ರ ನಿಜವಾದ ಲೆಕ್ಕ. ಅದನ್ನು ಬರಲಾರದವರಿಗೆ ಮುಟ್ಟಿಸಿದರೆ ದಾಸೋಹದ ಒಂದು ಪಾಲೂ ಆದೀತು.

ಚಿತ್ರ ತೆಗೆಯುವ ಕೆಲಸವೂ ಇದನ್ನೇ ಬೇಡುತ್ತದೆ. ಫ್ಲ್ಯಾಶಿನ ಬೆಳಕು ನೇರ ಬಡಿದರೆ ಬಿಳಿ ಎಸಳಿನ ನವಿರು ಗೆರೆಗಳು ಅಳಿಸಿಹೋಗುತ್ತವೆ. ಬ್ಯಾಟರಿ ದೀಪಕ್ಕೆ ಬಿಳಿ ಬಟ್ಟೆ ಮರೆಮಾಡಿ ಪಕ್ಕದಿಂದ ಹಿಡಿಯಬೇಕು. ಮೊಬೈಲನ್ನು ಸ್ಟೂಲಿಗೆ ಒರಗಿಸಿ, ಗಾಳಿ ನಿಲ್ಲುವ ತನಕ ಕಾಯಬೇಕು. ದಾಸವಾಳ, ತುಂಬೆಯಂಥ ಹಗಲಿನ ಹೂಗಳಿಗೆ ಮುಂಜಾನೆಯ ಮೆಲುಬಿಸಿಲು ಸಾಕು. ಬಗ್ಗಬೇಕಾದವರು ನಾವು; ಹೂವನ್ನು ಬಗ್ಗಿಸಬಾರದು.

ಮುರಿದ ಹೂವನ್ನು ಆ ತಾಯಿ ಅಂದಿನ ರಾತ್ರಿಯೇ ಲಿಂಗಕ್ಕೆ ಅರ್ಪಿಸಿದರು. ಮೊಮ್ಮಗ ಪಕ್ಕದಲ್ಲಿ ಕೂತಿದ್ದ, ಬರಿಗೈಯಲ್ಲಿ. ನಿಮ್ಮ ಹಿತ್ತಲಲ್ಲಿ ಹೂವು ಅರಳಿದಾಗ ಮೊಬೈಲು ತೆಗೆಯುವ ಮುಂಚೆ ಆಕೆಯ ಪ್ರಶ್ನೆಯನ್ನು ಒಮ್ಮೆ ನೆನೆಯಿರಿ: ಹೂವು ನೋಡಿದಿರೇನು?